ಅಂಜುದೀವ್ ಎದುರು ನಿಂತು: ಯುದ್ಧಕಾಲದ ಇಂಟೆಲಿಜೆನ್ಸ್ ಅಧಿಕಾರಿಯ ಕೆಲಸ

ಕಾರವಾರ ಬಿಟ್ಟು ಅಂಕೋಲೆಯ ದಾರಿ ಹಿಡಿದು ಬಿಣಗಾ ಸಮೀಪಿಸಿದರೆ ಬಲಗಡೆ ಕಡಲಲ್ಲಿ ಒಂದು ಹಸಿರು ಗುಡ್ಡ ಕಾಣುತ್ತದೆ. ಅದೇ ಅಂಜುದೀವ್. ಈಗ ಅದು ನೌಕಾನೆಲೆಯ ಭಾಗ. 1961ರ ಡಿಸೆಂಬರ್ 18ರ ಬೆಳಿಗ್ಗೆ ಅದು ಪೋರ್ಚುಗೀಸರ ಕೈಯಲ್ಲಿತ್ತು. ಗೋವಾ ಬಿಡುಗಡೆಯ ಕಾರ್ಯಾಚರಣೆಯಲ್ಲಿ ಈ ದ್ವೀಪವನ್ನು ವಶಕ್ಕೆ ತೆಗೆದುಕೊಳ್ಳುವ ಹೊಣೆ ಐಎನ್‌ಎಸ್ ತ್ರಿಶೂಲ್ ಮತ್ತು ಐಎನ್‌ಎಸ್ ಮೈಸೂರ್ ಹಡಗುಗಳದ್ದು. ನಾವಿಕರ ತುಕಡಿಗಳು ಬೋಟುಗಳಲ್ಲಿ ದಡಕ್ಕೆ ಹೋದವು. ದ್ವೀಪದಲ್ಲಿ ಬಿಳಿ ಬಾವುಟ ಕಂಡಿತು, ಆಮೇಲೆ ಗುಂಡು ಬಂತು ಎಂದು ನಮ್ಮ ನೌಕಾಪಡೆಯ ಇತಿಹಾಸ ಹೇಳುತ್ತದೆ. ಏಳು ಜನ ಸತ್ತರು, ಇನ್ನೂ ಹಲವರು ಗಾಯಗೊಂಡರು. ದ್ವೀಪ ಪೂರ್ತಿ ಕೈಗೆ ಬಂದದ್ದು ಮರುದಿನ.

ಅದಕ್ಕೆ ಕೆಲವೇ ವಾರಗಳ ಹಿಂದೆ, ನವೆಂಬರಿನಲ್ಲಿ, ಇದೇ ದ್ವೀಪದಿಂದ ‘ಸಾಬರಮತಿ’ ಎಂಬ ಪ್ರಯಾಣಿಕ ಹಡಗಿನ ಮೇಲೆ ಗುಂಡು ಹಾರಿತ್ತು. ಮೀನು ಹಿಡಿಯಲು ಹೋದ ಕಾರವಾರ ಕಡೆಯ ಒಬ್ಬರು ಪ್ರಾಣ ಕಳೆದುಕೊಂಡರು. ಊರಿಗೆ ಅದು ಸಿಟ್ಟಿನ, ದುಃಖದ ಸುದ್ದಿ. ಯುದ್ಧಕಾಲದ ಇಂಟೆಲಿಜೆನ್ಸ್ ಅಧಿಕಾರಿಗೆ ಅದೇ ಸುದ್ದಿಯಿಂದ ಬೇರೆ ಕೆಲಸವೂ ಹುಟ್ಟುತ್ತದೆ. ಗುಂಡು ಹಾರಿತು ಎಂದರೆ ಅಲ್ಲಿ ಕಾವಲಿದೆ, ಆ ಕಾವಲಿಗೆ ಹಡಗಿನ ದಾರಿ ಕಾಣುತ್ತದೆ, ಆಯುಧ ಅಷ್ಟು ದೂರ ಮುಟ್ಟುತ್ತದೆ. ಇಷ್ಟನ್ನು ನಂಬಬಹುದು. ಎಷ್ಟು ಜನರಿದ್ದಾರೆ, ಎರಡನೇ ಮೆಷಿನ್‌ಗನ್ ಎಲ್ಲಿದೆ, ಅಲ್ಲಿನ ದಳಪತಿ ಸೋಲೊಪ್ಪುವವನೋ ಕೊನೆತನಕ ಕಾಯುವವನೋ, ಇವು ಯಾವುವೂ ಆ ಗುಂಡಿನಿಂದ ತಿಳಿಯುವುದಿಲ್ಲ. ಈ ಎರಡು ಪಟ್ಟಿಗಳು ಒಂದರೊಳಗೊಂದು ಕಲಸಿಹೋಗದ ಹಾಗೆ ಬೇರೆಬೇರೆ ಇಟ್ಟುಕೊಳ್ಳುವುದೇ ಆ ಅಧಿಕಾರಿಯ ಇಡೀ ವೃತ್ತಿ. ಅವನ ಪಟ್ಟಿ ನೋಡಿಯೇ ಬೋಟು ದಡಕ್ಕೆ ಹೋಗುತ್ತದೆ.

ಬೇಹುಗಾರ ಬೇರೆ, ಇಂಟೆಲಿಜೆನ್ಸ್ ಅಧಿಕಾರಿ ಬೇರೆ. ವೇಷ ಮರೆಸಿಕೊಂಡು ಶತ್ರುವಿನ ಊರಿಗೆ ಹೋಗುವವನು ಬೇಹುಗಾರ. ಅವನು ತಂದದ್ದನ್ನು, ಗಸ್ತಿನವರು ಕಂಡದ್ದನ್ನು, ವಿಮಾನ ತೆಗೆದ ಫೋಟೋವನ್ನು, ಸೆರೆಸಿಕ್ಕವನ ಮಾತನ್ನು, ರೇಡಿಯೋದಲ್ಲಿ ಕೇಳಿದ್ದನ್ನು ಒಂದೇ ಮೇಜಿನ ಮೇಲೆ ಹರಡಿ, ತೂಗಿ, ದಂಡನಾಯಕನಿಗೆ ಅರ್ಧ ಪುಟದಲ್ಲಿ ಹೇಳುವವನು ಇಂಟೆಲಿಜೆನ್ಸ್ ಅಧಿಕಾರಿ. ನಮ್ಮ ಕಡೆ ತಾಳಮದ್ದಳೆ ಕೇಳಿ ಬೆಳೆದವರಿಗೆ ಇದನ್ನು ವಿವರಿಸುವುದು ಸುಲಭ. ಲಂಕೆಯಿಂದ ಮರಳಿದ ಹನುಮಂತ ಕಾದು ಕೂತ ಕಪಿಗಳಿಗೆ ಮೊದಲು ಹೇಳಿದ್ದು ‘ಕಂಡೆ ಸೀತೆಯನ್ನು’ ಎಂದು. ಹಾರಿದ ಕಥೆ, ಸುರಸೆಯ ಕಥೆ ಎಲ್ಲ ಆಮೇಲೆ. ಮುಂದೆ ಯುದ್ಧಕ್ಕೆ ಹೊರಡುವಾಗ ರಾಮ ಲಂಕೆಯ ಕೋಟೆಯ ಬಗ್ಗೆ ಕೇಳುತ್ತಾನೆ. ಆಗ ಹನುಮಂತ ನಾಲ್ಕು ಬಾಗಿಲು, ಕಂದಕ, ಅದರ ಮೇಲಿನ ಸಂಕ, ಪ್ರತಿ ಬಾಗಿಲ ಕಾವಲಿನ ಬಲ, ತಾನು ಹಾಳುಮಾಡಿ ಬಂದದ್ದು ಏನು, ಎಲ್ಲವನ್ನೂ ಒಂದೊಂದಾಗಿ ಒಪ್ಪಿಸುತ್ತಾನೆ. ವರದಿ ಬರೆಯುವ ಕ್ರಮ ಇವತ್ತಿಗೂ ಅದೇ: ಮೊದಲು ಉತ್ತರ, ಆಮೇಲೆ ವಿವರ, ಕೊನೆಗೆ ತಾನು ಕಂಡಮೇಲೆ ಬದಲಾಗಿರಬಹುದಾದದ್ದು.

ಎರಡನೇ ಮಹಾಯುದ್ಧದ ಬ್ರಿಟಿಷ್-ಭಾರತೀಯ ಸೇನೆಯಲ್ಲಿ ಈ ಕೆಲಸ ಬೆಟಾಲಿಯನ್ನಿನಿಂದಲೇ ಶುರುವಾಗುತ್ತಿತ್ತು. ಅಲ್ಲೊಬ್ಬ ಎಳೆಯ ಲೆಫ್ಟಿನೆಂಟ್, ಅವನ ಕೈಕೆಳಗೆ ಒಂದು ಸಣ್ಣ ತಂಡ. ಬ್ರಿಗೇಡು, ಡಿವಿಜನ್ನು, ಕೋರ್ ಎಂದು ಮೇಲೆ ಹೋದಂತೆ ಅವನಿಗಿಂತ ಹಿರಿಯ ದರ್ಜೆಯವರು. ಭಾರತದ ಇಂಟೆಲಿಜೆನ್ಸ್ ಕೋರ್ ಹುಟ್ಟಿದ್ದು 1942ರಲ್ಲಿ. ಇಂದು ಅದರ ತರಬೇತಿ ಶಾಲೆ ಪುಣೆಯಲ್ಲಿದೆ. ಆ ಲೆಫ್ಟಿನೆಂಟನಿಗೆ ಮೊದಲು ಬೇಕಾದದ್ದು ಎಣಿಸುವ ಅಭ್ಯಾಸ. ‘ತುಂಬ ಲಾರಿ ಹೋದವು’ ಎನ್ನುವ ಸುದ್ದಿಯಿಂದ ಉಪಯೋಗವಿಲ್ಲ. ಸಿರ್ಸಿ–ಕುಮಟಾ ದಾರಿಯ ದೇವಿಮನೆ ಘಟ್ಟವನ್ನೇ ನೆನೆಯಿರಿ. ಲಾರಿಗಳ ಸಾಲು ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ, ಒಂದರ ಮೂತಿಯಿಂದ ಮುಂದಿನದರ ಮೂತಿಗೆ 50 ಮೀಟರ್ ಅಂತರದಲ್ಲಿ ಹೋದರೆ ಗಂಟೆಗೆ 400 ಲಾರಿ ಆಯಿತು. ತಿರುವಿನಲ್ಲಿ ಕೂತವನು 15 ನಿಮಿಷ ಎಣಿಸಿ 100 ಎಂದರೆ ಸಾಕು, ಸಾಲು ಎಷ್ಟು ಹೊತ್ತು ಹರಿಯಿತು ಎಂಬುದನ್ನು ಸೇರಿಸಿ ಒಟ್ಟು ಲೆಕ್ಕ ತೆಗೆಯಬಹುದು. ಕತ್ತಲಲ್ಲಾದರೆ ಕಿವಿಯೇ ಆಧಾರ: ಕಡಿದಾದ ತಿರುವಿನಲ್ಲಿ ಪ್ರತಿ ಲಾರಿಯೂ ಗೇರ್ ಬದಲಿಸಲೇಬೇಕು, ಆ ಸದ್ದನ್ನು ಎಣಿಸಬಹುದು. ಅದಕ್ಕೇ ಕಾವಲಿನವನನ್ನು ನೇರ ರಸ್ತೆಯಲ್ಲಿ ಕೂರಿಸದೆ ತಿರುವಿನ ಮೇಲೆ ಕೂರಿಸುತ್ತಾರೆ.

ಅವನು ತರುವ ಸುದ್ದಿಯಲ್ಲಿ ಆರು ಸಂಗತಿ ಇರಬೇಕು: ಎಷ್ಟು, ಏನು ಮಾಡುತ್ತಿದ್ದರು, ಎಲ್ಲಿ, ಯಾವ ಸಮವಸ್ತ್ರ ಅಥವಾ ಗುರುತು, ಎಷ್ಟು ಗಂಟೆಗೆ, ಏನು ಆಯುಧ. ಹೆಚ್ಚು ಬಿಟ್ಟುಹೋಗುವುದು ಗಂಟೆ. ನಕ್ಷೆಯ ಆರಂಕಿಯ ಗ್ರಿಡ್ ಸಂಖ್ಯೆ ಕೊಟ್ಟರೆ ಜಾಗ 100 ಮೀಟರಿನೊಳಗೆ ಸಿಗುತ್ತದೆ. ಆದರೆ ಬೆಳಿಗ್ಗೆ ಕಂಡದ್ದೋ ನಿನ್ನೆ ಸಂಜೆ ಕಂಡದ್ದೋ ಗೊತ್ತಿಲ್ಲದಿದ್ದರೆ ಆ ಜಾಗ ತಿಳಿದೂ ಕೆಲಸಕ್ಕೆ ಬರುವುದಿಲ್ಲ.

ಕರಾವಳಿಯವರಿಗೆ ಹೆಚ್ಚು ಆಪ್ತವಾಗಬಹುದಾದದ್ದು ದಡದ ಸಮೀಕ್ಷೆ. ಬೋಟಿನಿಂದ ಸೈನ್ಯ ಇಳಿಸಬೇಕಾದರೆ ದಡ ಎಷ್ಟು ಇಳಿಜಾರು, ತಳ ಮರಳೋ ಕೆಸರೋ ಬಂಡೆಯೋ, ನಡುವೆ ದಿಣ್ಣೆ ಇದೆಯೋ, ಇದು ಗೊತ್ತಿರಬೇಕು. ಶತ್ರುವಿನ ದಡದಲ್ಲಿ ಟೇಪು ಹಿಡಿದು ನಿಲ್ಲಲಾಗದು. ಹಾಗಾಗಿ ವಿಮಾನದ ಫೋಟೋದಲ್ಲೇ ಅಳೆಯುವ ಉಪಾಯ ಇದೆ. ಒಂದೇ ದಡದ ಎರಡು ಫೋಟೋ ಬೇಕು, ಒಂದು ಉಬ್ಬರದಲ್ಲಿ ತೆಗೆದದ್ದು, ಒಂದು ಇಳಿತದಲ್ಲಿ. ಉಬ್ಬರ–ಇಳಿತದ ಪಟ್ಟಿ ನೋಡಿದರೆ ಎರಡು ಗಳಿಗೆಗಳ ನಡುವೆ ನೀರು ಎಷ್ಟು ಇಳಿಯಿತು ಎಂದು ತಿಳಿಯುತ್ತದೆ, 1.5 ಮೀಟರ್ ಎನ್ನೋಣ. ಫೋಟೋದಲ್ಲಿ ನೀರಿನ ಅಂಚು 60 ಮೀಟರ್ ಹಿಂದೆ ಸರಿದಿದ್ದರೆ ಇಳಿಜಾರು 40ಕ್ಕೆ 1. ಮೂತಿಯ ಕಡೆ 0.9 ಮೀಟರ್ ನೀರು ಬೇಡುವ ಬೋಟು ಆ ದಡದಲ್ಲಿ ಅಂಚಿನಿಂದ 36 ಮೀಟರ್ ದೂರದಲ್ಲೇ ನೆಲ ಹಿಡಿಯುತ್ತದೆ. ಸೊಂಟದ ಸಮೀಪದ ನೀರಿನಲ್ಲಿ ಬಂದೂಕು ಎತ್ತಿ ಹಿಡಿದು, ಬೆನ್ನಿಗೆ ಹೊರೆ ಕಟ್ಟಿಕೊಂಡು 36 ಮೀಟರ್ ನಡೆಯುವವನನ್ನು ಗುಡ್ಡದ ಮೇಲಿನ ಮೆಷಿನ್‌ಗನ್ ನೋಡುತ್ತಿರುತ್ತದೆ. ಇಳಿಜಾರಿನ ಲೆಕ್ಕದ ಹಿಂದೆ ಇರುವುದು ಅವನ ಜೀವ.

ಫೋಟೋದ ಅಳತೆಯೂ ಸರಳ ಭಾಗಾಕಾರ. ಕ್ಯಾಮೆರಾದ ನಾಭಿದೂರ 15 ಸೆಂಟಿಮೀಟರ್, ವಿಮಾನದ ಎತ್ತರ 3,000 ಮೀಟರ್ ಇದ್ದರೆ ಫೋಟೋದ ಪ್ರಮಾಣ 20,000ಕ್ಕೆ 1. ಅಂದರೆ ಫೋಟೋದ ಒಂದು ಮಿಲಿಮೀಟರು ನೆಲದ 20 ಮೀಟರು. ಹನ್ನೆರಡು ಮೀಟರಿನ ದೋಣಿ ಅಲ್ಲಿ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು, ಅಷ್ಟೇ. ಅದಕ್ಕೆ ಒಂದರ ಮೇಲೊಂದು ಅರ್ಧಕ್ಕಿಂತ ಹೆಚ್ಚು ಭಾಗ ಹಾಯುವಂತೆ ತೆಗೆದ ಜೋಡಿ ಫೋಟೋಗಳನ್ನು ಸ್ಟೀರಿಯೋಸ್ಕೋಪಿನಲ್ಲಿ, ಅಂದರೆ ಒಂದೊಂದು ಕಣ್ಣಿಗೆ ಒಂದೊಂದು ಫೋಟೋ ತೋರಿಸುವ ಸಾಧನದಲ್ಲಿ, ನೋಡುತ್ತಾರೆ. ಆಗ ಗೋಡೆ ಎದ್ದು ನಿಲ್ಲುತ್ತದೆ, ಕಂದಕ ತಗ್ಗುತ್ತದೆ. ಗೋಪುರದ ಎತ್ತರ ಬೇಕಾದರೆ ನೆರಳನ್ನು ಅಳೆದು, ಆ ಗಳಿಗೆಯ ಸೂರ್ಯನ ಕೋನದಿಂದ ಲೆಕ್ಕ ಹಾಕುತ್ತಾರೆ. ನೆಲ ಇಳಿಜಾರಾಗಿದ್ದರೆ ನೆರಳು ಉದ್ದವಾಗಿಯೋ ಗಿಡ್ಡವಾಗಿಯೋ ಬಿದ್ದು ಲೆಕ್ಕ ತಪ್ಪುತ್ತದೆ. ನಮ್ಮ ಕಡಲಂಚಿನ ಗುಡ್ಡಗಳಲ್ಲಿ ಸಪಾಟು ನೆಲವೇ ಅಪರೂಪ.

ಇನ್ನೂ ದೊಡ್ಡ ತೊಡಕು ಮಳೆಗಾಲ. ಆಷಾಢ–ಶ್ರಾವಣದ ತೆರೆ ದಡದ ಮರಳನ್ನು ಕೊರೆದು ಒಯ್ಯುತ್ತದೆ, ದೀಪಾವಳಿ ಕಳೆದಮೇಲೆ ನಿಧಾನಕ್ಕೆ ತಂದು ಹಾಕುತ್ತದೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಗಳ ಅಳಿವೆಯ ಮರಳುದಿಣ್ಣೆ ವರ್ಷ ವರ್ಷಕ್ಕೆ ಜಾಗ ಬದಲಿಸುತ್ತದೆ. ಮೇ ತಿಂಗಳ ಫೋಟೋ ನೋಡಿ ನವೆಂಬರಿನಲ್ಲಿ ಬೋಟು ಬಿಟ್ಟರೆ, ದಿಣ್ಣೆಗೆ ಬೋಟು ಕೂತಾಗ ‘ದಡ ಬಂತು’ ಎಂದು ಹಾರಿದವನು ದಿಣ್ಣೆಯಾಚೆಯ ಆಳದಲ್ಲಿ ಮುಳುಗುತ್ತಾನೆ. ರಾಂಪಣಿ ಬಲೆ ಎಳೆದವರಿಗೆ, ಅಳಿವೆ ದಾಟಿ ದೋಣಿ ತಂದವರಿಗೆ ಇದು ಅಂಗೈ ಗೆರೆಯಂತೆ ಗೊತ್ತು. ಒಳ್ಳೆಯ ಅಧಿಕಾರಿ ಫೋಟೋ ನೋಡುವ ಮೊದಲು ಅಂಥವರನ್ನು ಹುಡುಕುತ್ತಾನೆ. 1943ರ ನವೆಂಬರಿನಲ್ಲಿ ಪೆಸಿಫಿಕ್ಕಿನ ತರಾವಾ ದ್ವೀಪದಲ್ಲಿ ಅಮೆರಿಕನ್ನರು ಇಳಿದಾಗ ಹವಳದಿಬ್ಬದ ಮೇಲೆ ಬೋಟು ತೇಲುವಷ್ಟು ನೀರಿರಲಿಲ್ಲ. ಸೈನಿಕರು ನೂರಾರು ಮೀಟರ್ ನೀರಲ್ಲಿ ನಡೆಯಬೇಕಾಯಿತು, ಸಾವು ವಿಪರೀತವಾಯಿತು. ಆ ದ್ವೀಪಗಳಲ್ಲಿ ವರ್ಷಗಟ್ಟಲೆ ಬದುಕಿದ್ದ ಮೇಜರ್ ಹಾಲೆಂಡ್ ಎಂಬವರು ನೀರಿನ ಬಗ್ಗೆ ಮೊದಲೇ ಎಚ್ಚರಿಸಿದ್ದರು.

ಬಂದ ಸುದ್ದಿಯನ್ನು ತೂಗುವುದಕ್ಕೂ ಒಂದು ಪದ್ಧತಿ ಇದೆ. ಹೇಳಿದವನಿಗೆ ಒಂದು ಅಕ್ಷರ, ಹೇಳಿದ ಮಾತಿಗೆ ಒಂದು ಅಂಕಿ. ಎ ಎಂದರೆ ಪೂರ್ತಿ ನಂಬಬಹುದಾದವನು, ಇ ಎಂದರೆ ನಂಬಲಾಗದವನು, ಎಫ್ ಎಂದರೆ ಅವನ ಬಗ್ಗೆ ಏನೂ ಹೇಳಲಾಗದು. 1 ಎಂದರೆ ಬೇರೆ ಮೂಲಗಳಿಂದ ಖಚಿತವಾದ ಮಾತು, 5 ಎಂದರೆ ಸಂಭವ ಕಡಿಮೆ, 6 ಎಂದರೆ ಅಳೆಯಲಾಗದು. ಎರಡನ್ನೂ ಬೇರೆಬೇರೆ ಇಡುವುದಕ್ಕೆ ಕಾರಣವಿದೆ. ನಂಬಿಕಸ್ಥನೂ ತಪ್ಪು ಕೇಳಿಸಿಕೊಂಡಿರಬಹುದು, ಸುಳ್ಳುಗಾರನೂ ಒಮ್ಮೆ ನಿಜ ಹೇಳಬಹುದು. ಇಲ್ಲಿ ಪದೇಪದೇ ಆಗುವ ತಪ್ಪು ಎಂದರೆ ಒಂದೇ ಬಾಯಿಯ ಮಾತನ್ನು ಮೂರು ಸಾಕ್ಷಿಯಾಗಿ ಎಣಿಸುವುದು. ಅಂಕೋಲೆಯ ಸಂತೆಯಲ್ಲಿ, ಕುಮಟೆಯ ಬಸ್‌ಸ್ಟ್ಯಾಂಡಿನಲ್ಲಿ, ಸಿರ್ಸಿಯ ಚಾ ಅಂಗಡಿಯಲ್ಲಿ ಒಂದೇ ಸುದ್ದಿ ಕೇಳಿತು ಎಂದರೆ ಖಚಿತವಾಯಿತು ಅನ್ನಿಸುತ್ತದೆ. ಮೂರೂ ಕಡೆ ಹೇಳಿದವನು ಒಬ್ಬನೇ ಲಾರಿ ಡ್ರೈವರ್ ಆಗಿದ್ದರೆ ಅದು ಇನ್ನೂ ಒಂದೇ ಸುದ್ದಿ. ಅದಕ್ಕೇ ಪ್ರತಿ ಚೀಟಿಯಲ್ಲೂ ‘ನಿನಗೆ ಹೇಳಿದವರು ಯಾರು’ ಎಂಬ ಸಾಲು ಇರಲೇಬೇಕು.

ಈ ತೂಕವನ್ನು ಕಾರವಾರದಲ್ಲೇ ಪ್ರಯೋಗಿಸಿ ನೋಡಬಹುದು. ಟ್ಯಾಗೋರ್ ಕಡಲತೀರದಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿರುವ ಚಾಪಲ್ ಕ್ಷಿಪಣಿ ದೋಣಿ 1971ರಲ್ಲಿ ಕರಾಚಿಯ ಮೇಲೆ ದಾಳಿ ಮಾಡಿದ ದೋಣಿ ಎಂದು ಬಹಳ ಕಡೆ ಬರೆದಿರುವುದು ಕಾಣುತ್ತದೆ. ಕಡತ ಬೇರೆ ಹೇಳುತ್ತದೆ. ಡಿಸೆಂಬರ್ 4ರ ರಾತ್ರಿಯ ದಾಳಿಯಲ್ಲಿದ್ದದ್ದು ನಿಪಾತ್, ನಿರ್ಘಾತ್ ಮತ್ತು ವೀರ್. ನಾಲ್ಕು ದಿನದ ನಂತರದ ದಾಳಿಯಲ್ಲಿದ್ದದ್ದು ವಿನಾಶ್. ಇವು ಸೋವಿಯತ್ ಒಕ್ಕೂಟದಿಂದ ಬಂದ ಎಂಟು ದೋಣಿಗಳ ಮೊದಲ ಕಂತಿನವು. ಚಾಪಲ್ ಎರಡನೇ ಕಂತಿನ ಸುಧಾರಿತ ಮಾದರಿ, ಭಾರತಕ್ಕೆ ಸೇರಿದ್ದು 1976ರಲ್ಲಿ. ಕೆ94 ಎಂಬ ಅದರ ಸಂಖ್ಯೆಯೇ ಹಳೆಯ ಕಂತಿನ ಸರಣಿಗೆ ಸೇರುವುದಿಲ್ಲ. ದೋಣಿಯ ಗೌರವಕ್ಕೆ ಇದರಿಂದ ಕುಂದಿಲ್ಲ. ಹತ್ತು ಕಡೆ ಬರೆದಿದ್ದರೂ ಮೂಲ ಒಂದೇ ಆಗಿರಬಹುದು, ಆಗ ಹೆಸರು, ಸಂಖ್ಯೆ, ಸೇರ್ಪಡೆಯ ವರ್ಷ ಮೂರನ್ನೂ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡವನಿಗೆ ತಪ್ಪು ಎರಡೇ ನಿಮಿಷದಲ್ಲಿ ಕಾಣುತ್ತದೆ. ಶತ್ರುವಿನ ಪ್ರತಿ ಪಡೆ, ಪ್ರತಿ ಹಡಗಿಗೂ ಅಧಿಕಾರಿ ಇಂಥದೇ ಚೀಟಿ ಇಡುತ್ತಾನೆ. ಆ ಚೀಟಿಗಳ ಪೆಟ್ಟಿಗೆಯೇ ಅವನ ಬಂಡವಾಳ.

ಸೆರೆಸಿಕ್ಕವರ ವಿಚಾರಣೆ ಇನ್ನೊಂದು ಕಸುಬು. ಅಂಜುದೀವ್ ಅದನ್ನೂ ಕಂಡಿದೆ. 1498ರಲ್ಲಿ ವಾಸ್ಕೋ ಡ ಗಾಮ ಈ ದ್ವೀಪದಲ್ಲಿ ಹಡಗು ರಿಪೇರಿಗೆ ನಿಂತಾಗ ಒಬ್ಬ ಯಹೂದಿ ಸ್ನೇಹದ ಮಾತಾಡುತ್ತ ಬಂದ. ಗೋವಾದ ಒಡೆಯನ ಪರವಾಗಿ ಬಂದವನೆಂಬ ಅನುಮಾನದ ಮೇಲೆ ಅವನನ್ನು ಹಿಡಿದು ಹಿಂಸಿಸಿ ಬಾಯಿ ಬಿಡಿಸಿದರು. ಮುಂದೆ ಅವನೇ ಗಾಸ್ಪರ್ ಡ ಗಾಮ ಎಂಬ ಹೆಸರಿನಲ್ಲಿ ಪೋರ್ಚುಗೀಸರ ದುಭಾಷಿಯಾಗಿ 1500ರ ಕಬ್ರಾಲನ ನೌಕಾಯಾತ್ರೆಯಲ್ಲಿ ಮತ್ತೆ ಭಾರತಕ್ಕೆ ಬಂದ. ಅವನಿಂದ ಅವರಿಗೆ ದಕ್ಕಿದ ದೊಡ್ಡ ಪ್ರಯೋಜನ ಆ ಹಿಂಸೆಯ ದಿನದ್ದಲ್ಲ, ನಂತರದ ವರ್ಷಗಳಲ್ಲಿ ಅವನು ಹೇಳಿದ ಬಂದರು, ಭಾಷೆ, ವ್ಯಾಪಾರದ ತಿಳಿವಳಿಕೆ. ಹೊಡೆತ ತಿನ್ನುವವನು ಹೊಡೆತ ನಿಲ್ಲುವ ಉತ್ತರ ಕೊಡುತ್ತಾನೆ, ಅದನ್ನು ತೂಗುವ ದಾರಿಯೇ ಇರುವುದಿಲ್ಲ. ಪಳಗಿದ ವಿಚಾರಣಾಧಿಕಾರಿ ತನಗೆ ಈಗಾಗಲೇ ಗೊತ್ತಿರುವುದನ್ನು ನಡುನಡುವೆ ಕೇಳಿ ಎದುರಿನವನ ನಿಜವನ್ನು ಅಳೆಯುತ್ತಾನೆ. ಅದಕ್ಕೂ ಚೀಟಿಗಳ ಪೆಟ್ಟಿಗೆ ಬೇಕು, ಭಾಷೆ ಬೇಕು.

ಕಾಗದಪತ್ರ ಮಾತಿಗಿಂತ ಮೇಲು. ಬರ್ಮಾದಲ್ಲಿ ಜಪಾನಿ ಸೈನಿಕರು ಡೈರಿ ಬರೆಯುತ್ತಿದ್ದರು. ಸತ್ತವನ ಜೇಬಿನ ಡೈರಿಯಲ್ಲಿ ಪಡೆಯ ಹೆಸರು, ಹೊರಟ ದಿನ, ಅಕ್ಕಿ ಎಷ್ಟು ದಿನಕ್ಕಿದೆ ಎಂಬುದೂ ಸಿಗುತ್ತಿತ್ತು. ತೊಡಕೆಂದರೆ ನಮ್ಮ ಸೈನಿಕರೇ ಅದನ್ನು ನೆನಪಿಗೆಂದು ಇಟ್ಟುಕೊಂಡುಬಿಡುತ್ತಿದ್ದರು. ಸಿಕ್ಕ ಕಾಗದಕ್ಕೆ ಎಲ್ಲಿ, ಯಾವಾಗ, ಯಾರ ಮೈಮೇಲೆ ಸಿಕ್ಕಿತು ಎಂಬ ಚೀಟಿ ಕಟ್ಟದಿದ್ದರೆ ಅರ್ಧ ಬೆಲೆ ಹೋದಂತೆ. ಬೆಟಾಲಿಯನ್ನಿನ ಇಂಟೆಲಿಜೆನ್ಸ್ ಅಧಿಕಾರಿ ಕಂಪನಿಯಿಂದ ಕಂಪನಿಗೆ ನಡೆದು ಇದನ್ನು ಹೇಳುತ್ತ ತಿರುಗಬೇಕಾಗುತ್ತಿತ್ತು.

ಒಬ್ಬ ವ್ಯಕ್ತಿಯ ಬದುಕಿನಲ್ಲಿ ಇದೆಲ್ಲ ಹೇಗೆ ಕೂಡುತ್ತದೆ ಎಂಬುದಕ್ಕೆ ನಮ್ಮ ಕರಾವಳಿಗೆ ತೀರ ಹತ್ತಿರದ ಉದಾಹರಣೆ ಲೂಯಿಸ್ ಪ್ಯೂ. ಮೂಲತಃ ಫಿರಂಗಿ ದಳದ ಅಧಿಕಾರಿ, ಬಂಗಾಳದಲ್ಲಿ ಪೊಲೀಸ್ ಕೆಲಸದ ಅನುಭವ ಇದ್ದವರು. ಯುದ್ಧ ಬಂದಾಗ ಬ್ರಿಟಿಷರ ಗುಪ್ತ ಕಾರ್ಯಾಚರಣೆ ಸಂಸ್ಥೆಯ ಭಾರತ ಶಾಖೆಗೆ ಸೇರಿದರು. ಅದರ ಕಚೇರಿ ಮೀರತ್‌ನಲ್ಲಿ, ಮುಖ್ಯಸ್ಥರು ಕಾಲಿನ್ ಮೆಕೆಂಜಿ.

1939ರ ಸೆಪ್ಟೆಂಬರಿನಲ್ಲಿ ಯುದ್ಧ ಶುರುವಾದಾಗ ಎಹ್ರೆನ್‌ಫೆಲ್ಸ್, ಡ್ರಾಖೆನ್‌ಫೆಲ್ಸ್, ಬ್ರೌನ್‌ಫೆಲ್ಸ್ ಎಂಬ ಮೂರು ಜರ್ಮನ್ ಸರಕು ಹಡಗುಗಳು ತಟಸ್ಥ ಪೋರ್ಚುಗೀಸರ ಮರ್ಮಗೋವಾ ಬಂದರಿನಲ್ಲಿ ಆಶ್ರಯ ಪಡೆದವು. ಆನ್ಫೊರಾ ಎಂಬ ಇಟಲಿಯ ಹಡಗೂ ಅಲ್ಲಿ ಸಿಕ್ಕಿಕೊಂಡಿತು. ಎಹ್ರೆನ್‌ಫೆಲ್ಸ್‌ನಿಂದ ರೇಡಿಯೋ ಮೂಲಕ ಜಲಾಂತರ್ಗಾಮಿಗಳಿಗೆ ಹಡಗುಗಳ ಸುದ್ದಿ ಹೋಗುತ್ತಿದೆ ಎಂಬುದು ಬ್ರಿಟಿಷರ ನಂಬಿಕೆ.

ಈ ನಂಬಿಕೆ ಗಾಳಿಯಲ್ಲಿ ಬರುವ ಅಲೆಯಿಂದಷ್ಟೇ ಖಚಿತವಾಗಬಲ್ಲದೇ? ಕಾರವಾರದ ಗುಡ್ಡದ ಮೇಲೆ ದಿಕ್ಕು ಹಿಡಿಯುವ ಲೂಪ್ ಆಂಟೆನಾ ಇಟ್ಟಿದ್ದರೆ ಎಂದುಕೊಳ್ಳಿ. ಮರ್ಮಗೋವಾ ಅಲ್ಲಿಂದ ನೇರ ಗೆರೆಯಲ್ಲಿ ಸುಮಾರು 40 ನಾಟಿಕಲ್ ಮೈಲಿ. ಅರವತ್ತು ಮೈಲಿಯಲ್ಲಿ ಒಂದು ಡಿಗ್ರಿ ತಪ್ಪಿದರೆ ಒಂದು ಮೈಲಿ ತಪ್ಪುತ್ತದೆ ಎಂಬುದು ನಾವಿಕರ ಹಳೆಯ ಲೆಕ್ಕ. ಮೂರು ಡಿಗ್ರಿ ತಪ್ಪಿದರೆ 40 ಮೈಲಿಯಲ್ಲಿ ಎರಡು ಮೈಲಿ, ಅಂದರೆ ನಾಲ್ಕು ಕಿಲೋಮೀಟರಿಗೆ ಸಮೀಪ. ಬಂದರಿನ ನಾಲ್ಕು ಹಡಗುಗಳಲ್ಲಿ ಯಾವುದು ಎಂಬುದಿರಲಿ, ಹಡಗೋ ದಡದ ಮೇಲಿನ ಮನೆಯೋ ಎಂಬುದೂ ಅದರಿಂದ ತೀರ್ಮಾನವಾಗದು. ಸೂರ್ಯ ಮುಳುಗಿದ ಮೇಲೆ ಮೇಲ್ಗಾಳಿಯ ಪದರದಿಂದ ತಿರುಗಿ ಬರುವ ಅಲೆ ಲೂಪಿನ ದಿಕ್ಕನ್ನು ಕೆಡಿಸುತ್ತದೆ. ಅಲೆ ಕಡಲಂಚನ್ನು ಓರೆಯಾಗಿ ದಾಟಿದರೂ ಬಾಗುತ್ತದೆ. ಎರಡನೇ ಕೇಂದ್ರದಿಂದ ಇನ್ನೊಂದು ಗೆರೆ ಎಳೆದು ಎರಡೂ ಲಂಬಕ್ಕೆ ಹತ್ತಿರವಾಗಿ ಕೂಡಿದರೆ ಒಳ್ಳೆಯದು. ಒಂದೇ ಕರಾವಳಿಯ ಗುಂಟ ಎರಡು ಕೇಂದ್ರ ಇಟ್ಟರೆ ಗೆರೆಗಳು ಹೆಚ್ಚುಕಡಿಮೆ ಒಂದರ ಮೇಲೊಂದು ಬಿದ್ದು, ಕೂಡುವ ಜಾಗ ಉದ್ದಕ್ಕೆ ಹರಡಿಕೊಳ್ಳುತ್ತದೆ. ಹಾಗಾಗಿ ಕೊನೆಗೆ ಊರೊಳಗೆ ಒಬ್ಬ ಮನುಷ್ಯ ಹೋಗಲೇಬೇಕು.

ಹೊರಬಂದ ವಿವರಗಳ ಪ್ರಕಾರ ಪ್ಯೂ ಇನ್ನೊಬ್ಬ ಅಧಿಕಾರಿಯೊಂದಿಗೆ ಗೋವಾದೊಳಗೆ ಹೋಗಿ, ಜರ್ಮನ್ ಏಜೆಂಟ್ ಎನ್ನಲಾದ ರಾಬರ್ಟ್ ಕೋಖ್ ಎಂಬವನನ್ನು ಗಡಿಯಾಚೆ ಎತ್ತಿತಂದರು. ರೇಡಿಯೋ ನಿಲ್ಲಲಿಲ್ಲ. ತಟಸ್ಥ ದೇಶದ ಬಂದರಿಗೆ ಸೈನ್ಯ ಕಳಿಸುವಂತಿರಲಿಲ್ಲ. ಕಲ್ಕತ್ತಾ ಲೈಟ್ ಹಾರ್ಸ್ ಎಂಬ ಹವ್ಯಾಸಿ ದಳದ, ಮಧ್ಯವಯಸ್ಸು ದಾಟುತ್ತಿದ್ದ ವ್ಯಾಪಾರಿಗಳನ್ನೂ ಕಂಪನಿ ಅಧಿಕಾರಿಗಳನ್ನೂ ಸೇರಿಸಿದರು. ಫೀಬಿ ಎಂಬ ಹೂಳು ಸಾಗಿಸುವ ಬಾರ್ಜು ಕಲ್ಕತ್ತೆಯಿಂದ ಸುತ್ತಿ ಬಂತು, ಜನ ರೈಲಿನಲ್ಲಿ ಕೊಚ್ಚಿಗೆ ಹೋಗಿ ಅದನ್ನು ಹತ್ತಿದರು. ಕೊಚ್ಚಿಯಿಂದ ಮರ್ಮಗೋವಾಕ್ಕೆ ನೇರ ಗೆರೆಯಲ್ಲೇ 350 ನಾಟಿಕಲ್ ಮೈಲಿಗಿಂತ ಹೆಚ್ಚು. ಗಂಟೆಗೆ ಎಂಟು ಮೈಲಿಯ ಬಾರ್ಜಿಗೆ ಅದು ಎರಡು ಹಗಲು ಎರಡು ರಾತ್ರಿಯ ದಾರಿ. ಭಟ್ಕಳ, ನೇತ್ರಾಣಿ ಗುಡ್ಡ, ಹೊನ್ನಾವರ, ಕುಮಟಾ, ಕಾರವಾರ, ನಮ್ಮ ಇಡೀ ಕರಾವಳಿಯನ್ನು ಬಲಕ್ಕಿಟ್ಟು ಆ ಬಾರ್ಜು ಸಾಗಿಹೋಯಿತು. ದಾಳಿಯ ದಿನ 1943ರ ಮಾರ್ಚ್ 9. ಅದು ಗೋವಾದ ಕಾರ್ನಿವಲ್ಲಿನ ಕೊನೆಯ ದಿನ; ನಾವಿಕರನ್ನು ದಡದ ಮೋಜಿಗೆ ಸೆಳೆಯುವ ಏರ್ಪಾಡೂ ಆಗಿತ್ತು. ಇಂಥ ದಿನವನ್ನು ಪಂಚಾಂಗ ನೋಡಿ ಹುಡುಕಿ ಕೊಡುವುದೂ ಇಂಟೆಲಿಜೆನ್ಸ್ ಕೆಲಸವೇ.

ಹಡಗನ್ನು ವಶಪಡಿಸಿಕೊಳ್ಳುವ ಆಸೆ ಈಡೇರಲಿಲ್ಲ. ಎಹ್ರೆನ್‌ಫೆಲ್ಸ್‌ನ ಕ್ಯಾಪ್ಟನ್ ಸತ್ತ, ಸಿಬ್ಬಂದಿ ಹಡಗನ್ನು ಮುಳುಗಿಸಿದರು. ಉಳಿದ ಮೂರು ಹಡಗಿನವರೂ ಬೆಂಕಿ ಹಚ್ಚಿ ತಮ್ಮ ಹಡಗು ಮುಳುಗಿಸಿದರು. ಭಾಗವಹಿಸಿದವರಿಗೆ ಪದಕ ಸಿಗಲಿಲ್ಲ. 1978ರವರೆಗೆ ವಿಷಯ ಹೊರಗೆ ಬರಲಿಲ್ಲ. ಪ್ಯೂ ಬರ್ಮಾ ಯುದ್ಧಕ್ಕೆ ಹೋದರು, ಮುಂದೆ ಮೇಜರ್ ಜನರಲ್ ಆಗಿ ನಿವೃತ್ತರಾದರು.

ಹೆಚ್ಚಿನ ಇಂಟೆಲಿಜೆನ್ಸ್ ಬದುಕು ಇದಕ್ಕಿಂತ ಸಪ್ಪೆ: ಚೀಟಿ, ನಕ್ಷೆ, ರಾತ್ರಿ ಹತ್ತಕ್ಕೆ ಕಳಿಸಬೇಕಾದ ವರದಿ, ಮತ್ತು ಕೇಳಲು ಇಷ್ಟವಿಲ್ಲದ ದಂಡನಾಯಕ. ಶುಕ–ಸಾರಣರ ಪಾಡು ನೆನಪಾಗುತ್ತದೆ. ರಾವಣನೇ ಕಳಿಸಿದ ಬೇಹಿನವರು ಅವರು. ಕಪಿಸೇನೆಯ ಬಲವನ್ನು ಇದ್ದಂತೆ ಎಣಿಸಿ ಹೇಳಿದ್ದಕ್ಕೆ ರಾವಣ ಅವರನ್ನು ಬೈದು ಕಣ್ಣೆದುರಿನಿಂದ ಓಡಿಸಿದ. ಮುಂದೆ ಬೇರೆ ಚಾರರನ್ನು ಕಳಿಸಿದ, ಅವರೂ ಅದನ್ನೇ ತಂದರು.

ಯುದ್ಧ ಮುಗಿದ ಮೇಲೆ ಮಾಡಬೇಕಾದ ಒಂದು ಕೆಲಸ ಬಾಕಿ ಇರುತ್ತದೆ, ಅದನ್ನು ಮಾಡುವವರು ಕಡಿಮೆ. ತನ್ನ ಹಳೆಯ ವರದಿ ಹಿಡಿದು ಆ ನೆಲದ ಮೇಲೆ ನಡೆಯುವುದು. ಇಲ್ಲಿ ಎರಡು ಮೆಷಿನ್‌ಗನ್ ಎಂದು ಬರೆದಿದ್ದೆ, ಇದ್ದದ್ದು ಎಷ್ಟು? ಇಳಿಜಾರು 40ಕ್ಕೆ 1 ಎಂದಿದ್ದೆ, ಟೇಪು ಏನು ಹೇಳುತ್ತದೆ? ತಪ್ಪಿದ ಪ್ರತಿ ಸಾಲಿನ ಪಕ್ಕ ಕಾರಣ ಬರೆಯಬೇಕು. ಮರ್ಮಗೋವಾದಲ್ಲಿ ಇದು ಆಗಲೇ ಇಲ್ಲ. ಬಂದರು ಬೇರೆ ದೇಶದ್ದು, ಬ್ರಿಟಿಷರು ಮರುದಿನ ಬಂದು ಹಡಗಿನ ರೇಡಿಯೋ ಕೋಣೆಯನ್ನು ನಿಧಾನವಾಗಿ ಪರೀಕ್ಷಿಸುವಂತಿರಲಿಲ್ಲ. ಜರ್ಮನ್ ಜಲಾಂತರ್ಗಾಮಿಗಳ ‘ಮಾನ್ಸೂನ್’ ಗುಂಪು ಅರಬ್ಬಿ ಸಮುದ್ರಕ್ಕೆ ಬಂದದ್ದು 1943ರ ಮಳೆಗಾಲ ಮುಗಿಯುವ ಹೊತ್ತಿಗೆ, ಅಂದರೆ ಎಹ್ರೆನ್‌ಫೆಲ್ಸ್ ಮುಳುಗಿ ಆರು ತಿಂಗಳ ಮೇಲೆ. ಅದಕ್ಕೂ ಮುಂಚೆ ಆ ಹಡಗಿನ ಸುದ್ದಿಯಿಂದ ಎಷ್ಟು ಹಡಗು ಮುಳುಗಿದವು ಎಂಬ ಬಗ್ಗೆ ಇತಿಹಾಸಕಾರರು ಇನ್ನೂ ಒಮ್ಮತಕ್ಕೆ ಬಂದಿಲ್ಲ. ಆ ವರದಿಯ ಪಕ್ಕದ ಅಂಕಿ 1 ಆಗಬೇಕಿತ್ತೋ 3 ಆಗಬೇಕಿತ್ತೋ ಎಂದು ತೋರಿಸಬಹುದಾಗಿದ್ದ ಕೋಣೆ ಹಡಗಿನೊಂದಿಗೆ ನೀರಿಗಿಳಿಯಿತು.